ಬೆತ್ತದ ಬಳೆ ಎತ್ತಿದ ಸಾಕಮ್ಮ

ಸಾಕಮ್ಮ ಎಷ್ಟು ಗಿಡ್ಡ ಎಂದರೆ, ಟಿಕೆಟ್ ಕಿಟಕಿಯ ಒಳಗೆ ಕೂತವರಿಗೆ ಅವರ ಸೆರಗು ಹೊದ್ದ ನೆತ್ತಿ ಮಾತ್ರ ಕಾಣುತ್ತಿತ್ತು. ಕೃಷ್ಣರಾಜನಗರದ ಸ್ಟೇಷನ್ನಿನಲ್ಲಿ ಆ ನೆತ್ತಿ ಕಂಡಿತೆಂದರೆ ಗಾಡಿ ಹತ್ತಿರ ಬಂತೆಂದು ಅರ್ಥ.

ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಸಾಕಮ್ಮನಿಗೆ ಬಂದಿತ್ತು. ನಮ್ಮದು ಒಂಟಿ ಹಳಿಯ ದಾರಿ. ಮುಂದಿನ ಸ್ಟೇಷನ್ನಿನವರೆಗೆ ಹಳಿ ಖಾಲಿಯಿದೆ ಎಂಬುದಕ್ಕೆ ಗುರುತು ಒಂದು ಲೋಹದ ಗುಂಡು, ಅದೇ ಟೋಕನ್. ಅದನ್ನು ಚರ್ಮದ ಚೀಲದಲ್ಲಿಟ್ಟು ದೊಡ್ಡದೊಂದು ಬೆತ್ತದ ಬಳೆಗೆ ಕಟ್ಟುತ್ತಿದ್ದರು. ನಿಲ್ಲದೆ ಹೋಗುವ ಗಾಡಿಗೆ ಸಾಕಮ್ಮ ಬಳೆಯನ್ನು ಎತ್ತಿ ಹಿಡಿಯಬೇಕು, ಇಂಜಿನ್ನಿನಿಂದ ಡ್ರೈವರು ತೋಳು ತೂರಿಸಿ ಎತ್ತಿಕೊಳ್ಳಬೇಕು. ತಪ್ಪಿದರೆ ಗಾಡಿ ನಿಲ್ಲಿಸಬೇಕು. ಎಂ.ಎ. ಓದಲು ಮೈಸೂರಿಗೆ ಪಾಸಿನಲ್ಲಿ ಓಡಾಡುತ್ತಿದ್ದ ನಾನು ಇದನ್ನು ದಿನಾ ನೋಡುತ್ತಿದ್ದೆ. ದಿನಾ ಎಂದರೆ ಬಹುಶಃ ಆಗೊಮ್ಮೆ ಈಗೊಮ್ಮೆ. ನೆನಪು ಎಲ್ಲವನ್ನೂ ದಿನಾ ಮಾಡಿಬಿಡುತ್ತದೆ.

ನಮ್ಮ ರೈಲು ವಿಭಾಗದ ಚರಿತ್ರೆಯನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. “ನಮ್ಮಾವ ಮಾರಾಜ್ರ ರೈಲಲ್ಲಿದ್ರು. ನಮ್ಮೆಜಮಾನ್ರು ಮದ್ರಾಸ್ನೋರ ರೈಲಲ್ಲಿ. ನಾಳಿಕ್ ಇನ್ಯಾರ್ ಕೈಗ್ ಕೊಡ್ತಾರೋ! ಯಾರ್ದಾರ ಆಗ್ಲಿ, ಪ್ಲಾಟ್‌ಫಾರಂ ಇದೇ ಕಣಪ್ಪ.”

ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಲು ಗಾಡಿಗಳನ್ನು ನಿಲ್ಲಿಸಿದರು. ಹೊಸ ಇಂಜಿನ್ನಿನ ಕಿಟಕಿ ಇನ್ನೂ ಎತ್ತರವಂತೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಸಾಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ನಿಮ್ಮ ಕೈ ಎಟುಕಲ್ಲಮ್ಮ. ಅರಸೀಕೆರೆಗೆ ಹಾಕಿಸ್ತೀನಿ, ವೆಯ್ಟಿಂಗ್ ರೂಮ್ ಗುಡಿಸ್ಕೊಂಡಿರಿ” ಎಂದರು.

“ಗಾಡಿ ಬರ್ಲಿ ಸಾರ್. ಆವತ್ತು ಎಟುಕ್ನಿಲ್ಲ ಅಂದ್ರೆ ಓಯ್ತೀನಿ” ಎಂದರು ಸಾಕಮ್ಮ. ಆಮೇಲೆ ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ತಿರುಗಿ, “ಕಸ ಗುಡ್ಸೋದು ಕೀಳು ಅಂತಲ್ಲ ಕಣಪ್ಪ. ಇಲ್ಲಿ ನಾನ್ ಕೊಟ್ರೆ ತಾನೆ ರೈಲ್ ಮುಂದಕ್ಕೋಗದು?”

ಅವರ ಮೈದುನ ಸ್ವಾಮಿ ಭತ್ತದ ಲಾರಿ ಓಡಿಸುತ್ತಿದ್ದ. ಸಾಯಂಕಾಲ ಸ್ಟೇಷನ್ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು: ಸಾಕಮ್ಮ ಬಳೆಯ ಬದಲು ಹಳೆಯ ಸೈಕಲ್ ಟೈರು ಎತ್ತಿ ಹಿಡಿದು ನಿಲ್ಲುವುದು, ಸ್ವಾಮಿ ಲಾರಿ ಓಡಿಸಿಕೊಂಡು ಬರುವುದು, ಎಡಗಡೆ ಕಿಟಕಿಯಿಂದ ನಾನು ತೋಳು ಚಾಚುವುದು. ಮೊದಲ ದಿನ ಹೆದರಿ ಕೈ ಎಳೆದುಕೊಂಡೆ.

“ಥೂ, ಎಂ.ಎ. ಓದೋ ಕೈಯಾ ಅದು? ಬಸವನಹುಳ ಕೊಂಬೆಳ್ಕಂಡಂಗೆ ಎಳ್ಕತೀಯಲ್ಲ!”

“ಅತ್ತಿಗೆ, ಟೈರ್ ಬುಟ್ಟು ನೀನೇ ಲಾರಿ ಹತ್ಬುಡು, ಬೇಗ ಆಯ್ತದೆ” ಎಂದ ಸ್ವಾಮಿ.

“ಮೊದ್ಲು ನೆಟ್ಟಗೆ ಓಡ್ಸ್ಲಾ. ರೈಲು ನಿನ್ನಂಗೆ ಗುಂಡಿ ನೋಡ್ಕಂಡು ವಾಲಾಡಕಿಲ್ಲ.”

ಕೊನೆಗೆ ಅವರು ಕಂಡುಕೊಂಡ ಉಪಾಯ ನೆಗೆಯುವುದು. ಲಾರಿಯ ಮೂತಿ ದಾಟುತ್ತಿದ್ದಂತೆ ಸಣ್ಣದೊಂದು ನೆಗೆತ.

ಬ್ರಾಡ್ ಗೇಜಿನಲ್ಲಿ ನಿಲ್ಲದೆ ಹೋಗುವ ಗಾಡಿ ಮೊದಲು ಬಂದ ದಿನ ಇನ್‌ಸ್ಪೆಕ್ಟರು ಪ್ಲಾಟ್‌ಫಾರಂ ಮೇಲೆ ಕೈಕಟ್ಟಿ ನಿಂತಿದ್ದರು. ಇಂಜಿನ್ ಹತ್ತಿರವಾಯಿತು. ಸಾಕಮ್ಮ ನೆಗೆದರು. ಎರಡೂ ಕಾಲು ನೆಲ ಬಿಟ್ಟದ್ದನ್ನು ನಾನು ಕಂಡೆ. ಬಳೆ ಇಂಜಿನ್ನಿನ ಜೊತೆ ಹೋಯಿತು. ಇನ್‌ಸ್ಪೆಕ್ಟರು ಕಾಫಿ ಕುಡಿಯಲು ಹೋದರು. ವರ್ಗದ ಮಾತು ಮತ್ತೆ ಏಳಲಿಲ್ಲ.

ಆದರೆ ನನ್ನ ಪಕ್ಕದಲ್ಲೇ ನಿಂತಿದ್ದ ಸ್ವಾಮಿ ಇಂದಿಗೂ ಹೇಳುವುದೇ ಬೇರೆ. ಅತ್ತಿಗೆ ನೆಗೆಯಲೇ ಇಲ್ಲ, ಡ್ರೈವರೇ ಸೊಂಟದವರೆಗೆ ಹೊರಗೆ ಬಗ್ಗಿ ಎತ್ತಿಕೊಂಡ ಎನ್ನುತ್ತಾನೆ. ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ನನಗೋ, ಅವರು ನೆಗೆದಿರಲಿ ಎಂಬ ಆಸೆಯಿತ್ತು.

ಸಾಕಮ್ಮನನ್ನು ಕೊನೆಯ ಸಲ ಕಂಡದ್ದು ಬಸ್ ನಿಲ್ದಾಣದಲ್ಲಿ. ನಮ್ಮ ರೈಲಿನ ಮುಖ್ಯ ಕಚೇರಿ ಮದ್ರಾಸಿನಿಂದ ಹುಬ್ಬಳ್ಳಿಗೆ ಹೋಗಿತ್ತು, ಅವರು ಅದೇ ಪ್ಲಾಟ್‌ಫಾರಂನಿಂದ ನಿವೃತ್ತರಾಗಿದ್ದರು. ರೈಲಿಲ್ಲದ ಹುಣಸೂರಿಗೆ, ಮಗಳ ಮನೆಗೆ ಹೊರಟಿದ್ದರು. ಇನ್ನು ಕೇಳಲು ಅವಕಾಶ ಸಿಗದೇನೋ ಎನ್ನಿಸಿ ಕೇಳಿಬಿಟ್ಟೆ.

“ಅಕ್ಕಾ, ಆವತ್ತು ನೀವು ನೆಗೆದ್ರಾ, ಡ್ರೈವರ್ ಬಗ್ಗಿದ್ನಾ?”

“ನಂಗೇನ್ ಗೊತ್ತಪ್ಪ? ಭಯಕ್ಕೆ ಕಣ್ ಮುಚ್ಕಂಡಿದ್ದೆ. ಕೈ ಅಗುರಾಯ್ತು, ಕಣ್ ಬುಟ್ಟೆ. ರೈಲು ಓಗಿತ್ತು.”