ಅಡವಿನ ಮೊಳೆ

ಆ ಶಿಶುವಿಹಾರದ ಟೀಚರಮ್ಮನಿಗೆ ತಾಯಂದಿರು ಇಟ್ಟ ಅಡ್ಡಹೆಸರು ಅಡವಿನಮ್ಮ. ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳುವ ಆಟ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಮಗುವಿನ ಎದುರೇ ‘ಹೋಗಿ ಬರ್ತೀನಿ’ ಅನ್ನಬೇಕು, ಅತ್ತರೆ ಅಳಲಿ. ಹೊಸ ಮಗುವಾದರಂತೂ, ಮನೆಗೆ ಹೋಗುವಾಗ ಬೇಕೇ ಬೇಕಾದ ಏನಾದರೊಂದನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿ ಹೋಗಬೇಕು. ಸಾಮಾನು ಇಲ್ಲಿದೆ ಅಂದರೆ ಅಮ್ಮ ಬಂದೇ ಬರುತ್ತಾಳೆ. ಅಷ್ಟು ಲೆಕ್ಕ ಎಂಥ ಮಗುವಿಗೂ ತಿಳಿಯುತ್ತದೆ ನೋಡಿ.

“ಮಕ್ಕಳನ್ನ ಬಿಡೋಕೆ ಬಂದ್ರೆ ಅಡವಿನಂಗಡಿ ತೆಗೆದಿದೀರಲ್ಲ! ಬಡ್ಡಿ ಎಷ್ಟು?” ಎಂದು ಯಾವಳಾದರೂ ಛೇಡಿಸಿದರೆ, “ಸಂಜೆ ತಡ ಮಾಡು, ನಿನ್ನನ್ನೇ ಮೊಳೆಗೆ ಹಾಕ್ತೀನಿ” ಅನ್ನುತ್ತಿದ್ದಳು.

ಟೈಲರನ ಹೆಂಡತಿ ಮಾತ್ರ ಮನೆಯ ಬೀಗದಕೈಯನ್ನು ಒಲ್ಲದ ಮನಸ್ಸಿನಿಂದಲೇ ತಗುಲಿಸುತ್ತಿದ್ದಳು. ಸಂಜೆ ಮಗಳನ್ನು ಎತ್ತಿಕೊಳ್ಳುವ ಮೊದಲು ಅವಳ ಕೈ ಮೊಳೆಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಯಾರೂ ಹೇಳದೆ ತಾನಾಗಿ ತಗುಲಿಸಿ, ಮಗಳ ತಲೆ ನೇವರಿಸಿ, ಟೀಚರಮ್ಮನ ಕೈ ಹಿಡಿದು, “ನೋಡ್ಕೊಳ್ಳಿ ಅಕ್ಕ” ಎಂದಳು. ಅಂತೂ ಇವಳಿಗೂ ನನ್ನ ಮೇಲೆ ನಂಬಿಕೆ ಬಂತಲ್ಲ ಎಂದು ಟೀಚರಮ್ಮ ದಿನವಿಡೀ ಒಳಗೊಳಗೇ ಹಿಗ್ಗಿದಳು.

ಸಂಜೆ ಬಂದವನು ಟೈಲರ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. “ನಮ್ಮವಳು ಫೋನ್ ಮಾಡಿದ್ಲು ಅಕ್ಕ. ಬಟ್ಟೆಬರೆ ನಿನ್ನೇನೇ ಸಾಗಿಸಿ, ಇವತ್ತು ಹೊರಟೋಗಿದಾಳಂತೆ. ಹುಡುಕಬೇಡಿ ಅಂದ್ಲು,” ಎಂದು ಪಿಸುಗುಟ್ಟಿದ. ಟೀಚರಮ್ಮ ತಿರುಗಿ ಮೊಳೆಯಲ್ಲಿದ್ದ ಬೀಗದಕೈ ನೋಡಿದಳು.

ಅವನು ಬೀಗದಕೈಗೆ ಕೈ ಚಾಚಿದ್ದೇ ತಡ, ಮಗಳು ಪುಟ್ಟಿ ಅಡ್ಡ ಬಂದಳು. “ಮುಟ್ಟಬೇಡ! ಅದು ಅಮ್ಮಂದು. ಅಮ್ಮ ಬರ್ತಾಳೆ, ಅಲ್ವಾ ಮಿಸ್?”

ಮಗಳ ಬೆನ್ನ ಹಿಂದೆ ಟೈಲರ ಕೈಮುಗಿದ, ಹೂಂ ಅನ್ನಿ ಸಾಕು ಎಂಬಂತೆ. ಒಂದು ಹೂಂ ಅಂದಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಆ ನಾಲಿಗೆಗೆ ಮಕ್ಕಳೆದುರು ಸುಳ್ಳಾಡಿ ರೂಢಿಯಿಲ್ಲ. ಮಂಡಿಯೂರಿ ಕೂತು, “ಇವತ್ತು ಬರಲ್ಲ ಕಂದ,” ಎಂದಳು. “ಯಾವತ್ತು ಬರ್ತಾಳೋ, ನಂಗೂ ಗೊತ್ತಿಲ್ಲ.”

ಪುಟ್ಟಿ ಅಳಲಿಲ್ಲ. ಮೊಳೆಯನ್ನೊಮ್ಮೆ, ಟೀಚರಮ್ಮನನ್ನೊಮ್ಮೆ ನೋಡಿದಳು. “ಬೀಗದಕೈ ಇದ್ರೆ ಅಮ್ಮ ಬರ್ತಾಳೆ ಅಂತ ನೀವೇ ಹೇಳಿದ್ರಿ,” ಎಂದು ಪಕ್ಕಕ್ಕೆ ಸರಿದು ಅಪ್ಪನಿಗೆ ದಾರಿ ಬಿಟ್ಟಳು.

ಮರುದಿನ ಬೆಳಿಗ್ಗೆ ಟೈಲರ ತನ್ನ ಕನ್ನಡಕವನ್ನೇ ತೆಗೆದು ಮೊಳೆಗೆ ಸಿಕ್ಕಿಸಿದ. ಅದಿಲ್ಲದಿದ್ದರೆ ಅವನಿಗೆ ಸೂಜಿಯ ಕಣ್ಣಿರಲಿ, ರಸ್ತೆಯೂ ಮಸುಕು ಮಸುಕು. “ಸಂಜೆ ಬಂದೇ ಬರ್ತೀನಿ ಪುಟ್ಟಿ. ನೋಡು, ಕನ್ನಡಕ ಇಲ್ಲೇ ಇದೆ.”

ಪುಟ್ಟಿ ತುದಿಗಾಲಲ್ಲಿ ನಿಂತು ಕನ್ನಡಕ ತೆಗೆದು ಅವನ ಕೈಗೇ ಕೊಟ್ಟಳು. “ಹಾಕ್ಕೋ ಅಪ್ಪ. ಇಟ್ಟು ಹೋದ್ರೂ ಬರಲ್ಲ.”

ಟೀಚರಮ್ಮ ಎರಡೂ ಕೈ ಚಾಚಿದಳು. ಪುಟ್ಟಿ ಅವಳ ಕೈಗೆ ಸಿಗದೆ ಪಕ್ಕದಿಂದ ಸುತ್ತಿ ಹೋಗಿ, ಕಾಲಿನ ಚಪ್ಪಲಿಯನ್ನೂ ಬಿಚ್ಚದೆ, ಬಾಗಿಲ ಬಳಿ ಕೂತಳು.