ವಿಭೂತಿ ಹಚ್ಚಿಸಿಕೊಂಡ ಫ್ಲಾಪಿ

ಇವತ್ತು ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ನೆನೆದ ವಿಭೂತಿಯ ವಾಸನೆ ನನ್ನನ್ನು ಸೀದಾ ಚಿಕ್ಕಂದಿನ ಅನಗೋಳದ ಮನೆಗೆ ಒಯ್ದಿತು.

ಅತ್ಯಾ, ಅಂದರೆ ಅಪ್ಪನ ತಂಗಿ, ಮುಂದಿನ ಖೋಲಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದಳು. ಒಂದು ವರ್ಷ ಅಲ್ಲಿಗೊಂದು ಕಂಪ್ಯೂಟರ್ ಬಂದಿತ್ತು. ಕರಿ ಫ್ಲಾಪಿ ಹಾಕದೆ ಅದು ಚಾಲೂ ಆಗುತ್ತಿರಲಿಲ್ಲ. ಪೂಜೆಯ ದಿನ ಅಜ್ಜಿ ಟೈಪ್‌ರೈಟರ್‌ಗಳಿಗೆಲ್ಲ ವಿಭೂತಿ ಹಚ್ಚಿದಳು, ಫ್ಲಾಪಿಯನ್ನೂ ಬಿಡಲಿಲ್ಲ. ಅದೂ ಯಂತ್ರ ಓದುವ ಕಿಂಡಿಯ ಮೇಲೆಯೇ!

ಮರುದಿನ ಅತ್ಯಾ ನೋಡದೆ ಫ್ಲಾಪಿ ಹಾಕಿದಳು. ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತಿತು. ಕ್ಲಾಸಿಗೆ ಹೊಸದಾಗಿ ಹೆಸರು ಹಚ್ಚಿದ ಹುಡುಗಿಯರು ಕಟ್ಟೆಯ ಮೇಲೆ ಕಾಯುತ್ತಿದ್ದರು.

"ಏನಂತದ, ಅತ್ಯಾ?" ಎಂದೆ ನಾನು.

"ಸರಿಯಾದ ಫ್ಲಾಪಿ ಕೊಡು ಅಂತದ. ಅದನ್ನ ಓದೂತನಕ ಇದಕ್ಕ ಏನೂ ಗೊತ್ತಿರಂಗಿಲ್ಲ."

"ಏನೂ ಗೊತ್ತಿಲ್ಲಂದ್ರ, ಫ್ಲಾಪಿ ಬೇಕಂತ ಹೆಂಗ ಗೊತ್ತಾತು?"

ಬಾಗಿಲಲ್ಲಿ ತಪ್ಪು ಮಾಡಿದವರಂತೆ ನಿಂತಿದ್ದ ಅಜ್ಜಿ ಅಂದಳು: "ಹುಟ್ಟಿದ ಕೂಸಿಗೆ ಹಾಲು ಕುಡಿಯೂದು ಯಾರು ಕಲಿಸ್ಯಾರ? ಹಂಗ."

ಸಿಟ್ಟಿನಲ್ಲಿದ್ದ ಅತ್ಯಾ ನಕ್ಕುಬಿಟ್ಟಳು. ಅದೇ ಫ್ಲಾಪಿಯ ನಕಲು ಖಾನಾಪುರದ ಗೆಳತಿಯ ಹತ್ತಿರ ಇತ್ತು. ಬಸ್ಸಿನಲ್ಲಿ ಹೋಗಿ ತಂದಳು. ಡ್ರೈವ್ ಸ್ವಚ್ಛ ಮಾಡಿ ಹಾಕಿದಾಗ ಹಸಿರು ಅಕ್ಷರ ಮೂಡಿದವು. ಅಜ್ಜಿ ದೂರದಿಂದಲೇ ಕೈ ಮುಗಿದಳು.

ಇವತ್ತು ಮಗಳ ಲ್ಯಾಪ್‌ಟಾಪೂ ಹಾಗೇ ಚಾಲೂ ಆಗದೆ ಹಟ ಹಿಡಿದಿತ್ತು. ಪೆನ್‌ಡ್ರೈವ್ ಹಾಕಿ ರಿಪೇರಿ ಮಾಡಿದಳು. ನಾನು ವಿಭೂತಿಯ ಬೆರಳು ಚಾಚಿದ ಕೂಡಲೇ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ತಡಿಯವ್ವಾ, ಮೊದಲ ಇದಕ್ಕ ಟೊಪ್ಪಿಗಿ ಹಾಕತೇನಿ!"