ಕ್ಯಾಬಿನೆಟ್ಟಿನೊಳಗಿನ ಚೀಟಿ

ಮಗಳ ಜ್ಯಾಮಿಟ್ರಿ ಬಾಕ್ಸಿನಲ್ಲಿ ಒಂದು ಬಿಳಿ ರಬ್ಬರ್ ಇದೆ. ಮೂಸಿದರೆ ಬಾಳೆಹಣ್ಣಿನ ಅಗ್ಗದ ಸೆಂಟಿನ ವಾಸನೆ. ಹೋದ ಭಾನುವಾರ ಅವಳು ತಪ್ಪು ಲೆಕ್ಕವೊಂದನ್ನು ಉಜ್ಜುತ್ತಿದ್ದಳು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಾನು ಎದ್ದು ಹೊರಗೆ ಹೋದೆ. ನನ್ನ ಪಾಲಿಗೆ ಆ ವಾಸನೆ ಅಂದರೆ ರಿಪೇರಿ ಭಾಯ್...

ಶ್ರೀರಂಗಪಟ್ಟಣದ ಪೇಟೆಯಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ಕಂಪ್ಯೂಟರಿನ ರ‍್ಯಾಮ್ ಅಂದರೆ ತೆರೆದ ಫೈಲೆಲ್ಲ ಹಾದುಹೋಗುವ, ಗೇಣುದ್ದಕ್ಕೂ ಕಡಿಮೆಯ ಒಂದು ಪಟ್ಟಿ. ಅದರ ಚಿನ್ನದ ಬಣ್ಣದ ಅಂಚನ್ನು ಅವರು ಇಂಥದೇ ರಬ್ಬರಿನಿಂದ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಬೆಳಿಗ್ಗೆಯಿಂದ ಸಾಯಂಕಾಲದ ನಮಾಜಿನ ಹೊತ್ತಿನವರೆಗೆ ಟೆಸ್ಟಿಗೆ ಹಾಕುತ್ತಿದ್ದರು. ಪರದೆ ಮೇಲೆ ಒಂದೇ ಒಂದು ಕೆಂಪು ಗೆರೆ ಬಂದರೂ ಕೊಡುತ್ತಿರಲಿಲ್ಲ. ಕಂಪ್ಯೂಟರ್ ಮುಚ್ಚುವ ಮೊದಲು, ಏನು ಕಂಡಿತು, ಏನು ಮಾಡಿದೆ ಎಂದು ಒಂದು ಚೀಟಿಯಲ್ಲಿ ಬರೆದು ಅದರ ತಗಡಿನ ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸುತ್ತಿದ್ದರು. ಯಾಕೆ ಭಾಯ್ ಇದೆಲ್ಲ ಅಂತ ಒಂದು ಸಲ ಕೇಳಿದ್ದೆ.

"ನಾಳೆ ನಾನಿಲ್ದಿದ್ರೂ ಬಿಚ್ಚಿದವನಿಗೆ ಗೊತ್ತಾಗ್ಬೇಕಲ್ಲಪ್ಪ" ಅಂದಿದ್ದರು.

ನಾನು ಅರಕೆರೆಯವನು. ಗದ್ದೆ ಅಣ್ಣನದು, ನನ್ನದು ಮನೆಯಲ್ಲೇ ಮದುವೆ ಆಲ್ಬಮ್ ಡಿಸೈನ್ ಮಾಡುವ ಕೆಲಸ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸ್ಟುಡಿಯೋದವರು ಕ್ಯಾಮೆರಾದ ಕಾರ್ಡುಗಳನ್ನು ಕಳಿಸುತ್ತಾರೆ. ನಾನು ಫೋಟೋಗಳನ್ನು ಕಾಪಿ ಮಾಡುವುದಿಲ್ಲ, ಕಟ್ ಮಾಡಿ ನನ್ನ ಕಂಪ್ಯೂಟರಿಗೆ ಹಾಕಿಕೊಳ್ಳುತ್ತೇನೆ. ಮುಂದಿನ ಮದುವೆಗೆ ಅವರಿಗೆ ಖಾಲಿ ಕಾರ್ಡೇ ಬೇಕು. ಹೀಗೆ ಮಾಡಿ ಮಾಡಿ ಅದೇ ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ಕಂಪ್ಯೂಟರನ್ನು ಭಾಯ್ ಮತ್ತು ನಾನು ಒಂದೊಂದೇ ಭಾಗ ತಂದು ಜೋಡಿಸಿದ್ದು. ಕೆಲಸ ಹೆಚ್ಚಾದಾಗ ಅದು ತೆವಳತೊಡಗಿತು. ನಾನು ಆನ್‌ಲೈನಿನಲ್ಲಿ ಇನ್ನೊಂದು ರ‍್ಯಾಮ್ ತರಿಸಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು.

"ಅಳೇದು 2400, ನೀನು ತಂದಿರೋದು 3200. ಜೋಡಿ ಕಟ್ಟಿದ್ಮೇಲೆ ನಿಧಾನದ ಎತ್ತಿನ ಎಜ್ಜೆಗೇ ಗಾಡಿ ಒಡೀಬೇಕು ಕಣಪ್ಪ. ಸ್ಪೀಡ್ ಏರ್ಸಕ್ಕೆ ಓಗ್ಬೇಡ. ಮೊದ್ಲು ಚೆನ್ನಾಗೇ ನಡೀತದೆ, ಆಮೇಲೆ ಒಳಗೊಳಗೇ ಫೈಲ್‌ಗಳು ಕೆಡ್ತವೆ. ನಿಂಗೆ ಗೊತ್ತೂ ಆಗಕಿಲ್ಲ."

ಟೆಸ್ಟ್ ಮಾಡಿ, ಚೀಟಿ ಅಂಟಿಸಿ, ಸ್ಕ್ರೂ ಬಿಗಿದು ಕೊಟ್ಟರು.

ನನಗೆ ಸಮಾಧಾನವಿಲ್ಲ. ದುಡ್ಡು ಕೊಟ್ಟು ತಂದ ವೇಗ ಸುಮ್ಮನೆ ಬಿದ್ದಿದೆಯಲ್ಲ ಅಂತ ಹೊಟ್ಟೆ ಉರಿ. ಮೊಬೈಲಿನಲ್ಲಿ ಯಾವನೋ ಮಾಡಿದ ವಿಡಿಯೋ ನೋಡಿಕೊಂಡು, ಕಂಪ್ಯೂಟರ್ ಶುರುವಾಗುವಾಗ ಬರುವ ಸೆಟಿಂಗಿಗೆ ಹೋಗಿ 3200ಕ್ಕೆ ಏರಿಸಿದೆ. ಪರದೆ ಕಪ್ಪಾಯಿತು. 2933ಕ್ಕೆ ಇಳಿಸಿದೆ, ತೆರೆದುಕೊಂಡಿತು. ಭಾಯ್‌ಗೆ ವಯಸ್ಸಾಯಿತು, ಹೆದರುತ್ತಾರೆ ಅಂದುಕೊಂಡೆ. ಆ ವಾರ ಅದು ಎರಡು ಸಲ ತಾನಾಗಿ ಆಫಾಗಿ ಆನ್ ಆಯಿತು. ಬೈದದ್ದು ಕರೆಂಟಿನವರನ್ನು.

ಅದೇ ವಾರ ಭಾಯ್ ಫೋನ್ ಮಾಡಿ ಅಂಗಡಿಗೆ ಕರೆದರು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳ ನಿಕಾಹ್ ನಾಗಮಂಗಲದ ಹುಡುಗನ ಜೊತೆ ಗೊತ್ತಾಗಿತ್ತು. ಮಗಳು ಹೊರಡುವಾಗ ಅವಳ ಕೈಗೆ ಅಮ್ಮನ ಫೋಟೋಗಳ ಆಲ್ಬಮ್ ಕೊಡಬೇಕು ಎಂಬುದೊಂದೇ ಅವರ ಆಸೆ. ಹೆಂಡತಿಯ ಫೋನು ಸತ್ತುಹೋಗಿತ್ತು. ಅದಕ್ಕೆ ಮೊದಲೇ ಫೋಟೋಗಳನ್ನೆಲ್ಲ ತೆಗೆದು ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದರು. ಅದನ್ನು ನನ್ನ ಕೈಗಿಟ್ಟರು.

"ಬೇರೆ ಕಾಪಿ ಇಲ್ವಾ ಭಾಯ್?" ಅಂದೆ.

"ಒಂದು ಇದರಲ್ಲಿ ಇರ್ತದೆ, ಒಂದು ನಿನ್ನ ತಾವ ಇರ್ತದೆ. ಎರಡಾಯ್ತಲ್ಲ" ಅಂದರು.

ಮನೆಗೆ ಬಂದವನೇ ಕಟ್ ಮಾಡಿ ಹಾಕಿಕೊಂಡೆ. ಬೇಕಂತ ಮಾಡಿದ್ದಲ್ಲ, ಕೈ ಮಾಡಿಬಿಟ್ಟಿತು. ಖಾಲಿಯಾದ ಪೆನ್‌ಡ್ರೈವ್ ಮೇಜಿನ ಮೇಲಿತ್ತು. ಕೆ.ಆರ್.ಪೇಟೆ ಸ್ಟುಡಿಯೋದವರಿಗೆ ಅರ್ಜೆಂಟಿತ್ತು, ಅವರ ಕೆಲಸವನ್ನು ಅದರ ಭರ್ತಿ ತುಂಬಿ ಬಸ್ಸಿಗೆ ಕೊಟ್ಟೆ. ಮೂರು ದಿನವಾದ ಮೇಲೆ ಭಾಯ್ ಕೊಟ್ಟ ಫೋಟೋಗಳನ್ನು ತೆರೆದರೆ... ಮುಕ್ಕಾಲು ಪಾಲು ಹಾಳಾಗಿದ್ದವು. ಅರ್ಧಕ್ಕೆ ಬೂದು ಬಣ್ಣ, ಕೆಲವಕ್ಕೆ ಹಸಿರು ಗುಲಾಬಿ ಪಟ್ಟೆ. ಹೊಳೆ ಸಂಗಮದ ಮೆಟ್ಟಿಲ ಮೇಲೆ ಅವರ ಹೆಂಡತಿ ಕೂತ ಒಂದರಲ್ಲಿ ತಲೆ ಮೇಲಿನ ಸೆರಗು ಇತ್ತು, ಮುಖ ಇರಲಿಲ್ಲ. ಸ್ಟುಡಿಯೋದಿಂದ ಪೆನ್‌ಡ್ರೈವ್ ವಾಪಸ್ ತರಿಸಿ ಏನೇನೋ ಮಾಡಿ ನೋಡಿದೆ. ಹಳೆಯದರ ಗುರುತೂ ಸಿಗಲಿಲ್ಲ.

ಅಂಗಡಿಗೆ ಹೋಗಿ ಹೇಳಿದೆ. ಏನು ಹೇಳಿದೆ?

"ಪೆನ್‌ಡ್ರೈವೇ ಕೆಟ್ಟಿತ್ತು ಭಾಯ್. ನಾನು ತೆಗೆಯೋವಾಗ್ಲೇ ಇಂಗಿತ್ತು."

ಅವರು ಉಜ್ಜುತ್ತಿದ್ದ ರಬ್ಬರನ್ನು ಕೆಳಗಿಟ್ಟರು. "ನಾನೇ ಒಂದ್ಸಲ ಬಂದು ನೋಡ್ತೀನಿ" ಅಂದರು.

ಶುಕ್ರವಾರ ನಮಾಜ್ ಮುಗಿಸಿ ಅರಕೆರೆ ಬಸ್ಸಿಗೆ ಬಂದರು. ನನಗೆ ಪಕ್ಕದಲ್ಲಿ ಕೂರಲಾಗಲಿಲ್ಲ. ಗದ್ದೆಗೆ ನೀರು ಕಟ್ಟಬೇಕು ಅಂತ ಹೇಳಿ ಕಾಲುವೆಯ ಏರಿ ಮೇಲೆ ಹೋಗಿ ಸುಮ್ಮನೆ ಕೂತೆ. ಹೊತ್ತು ಇಳಿದ ಮೇಲೆ ಬಂದರೆ ಅವರು ಕೊನೆಯ ಸ್ಕ್ರೂ ಬಿಗಿಯುತ್ತಿದ್ದರು. ಫೋಟೋ ಸಿಗಲಿಲ್ಲ ಎನ್ನುವಂತೆ ತಲೆ ಆಡಿಸಿದರು.

"ಪೆನ್‌ಡ್ರೈವ್ ಅಳೇದೇ ಬುಡು" ಅಂದರು.

ನನ್ನ ಹೆಂಡತಿ ಟೀ ಕೊಟ್ಟಳು. ಜಗುಲಿ ಮೇಲೆ ಕೂತು ನಿಧಾನಕ್ಕೆ ಕುಡಿದರು. ಶ್ರೀರಂಗಪಟ್ಟಣದ ಬಸ್ಸು ಬಂತು, ಹೋಯಿತು. "ಓಗ್ಲಿ ಬುಡು, ಇನ್ನೊಂದಕ್ಕೆ ಓಯ್ತೀನಿ" ಅಂದರು. ಇನ್ನೊಂದೂ ಬಂದು ಹೋಯಿತು. ಎರಡು ಸಲ ನನ್ನ ಮುಖ ನೋಡಿದರು. ನಾನು ಕಬ್ಬಿನ ಮಾತಾಡಿದೆ, ಕಾರ್ಖಾನೆ ಮಾತಾಡಿದೆ. ಪಾಪ, ಸುಸ್ತಾಗಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಮೂರನೆಯ ಬಸ್ಸಿಗೆ ಹತ್ತಿದರು.

ಭಾಯ್ ಮಗಳು ಆಲ್ಬಮ್ ಇಲ್ಲದೆ ಗಂಡನ ಮನೆಗೆ ಹೋದಳು. ಉಳಿದ ಕೆಲವು ಫೋಟೋಗಳನ್ನಾದರೂ ಕೊಡಬಹುದಿತ್ತು, ಆ ಅಂಗಡಿ ಮೆಟ್ಟಿಲು ಹತ್ತುವ ಮುಖ ನನಗಿರಲಿಲ್ಲ. ರಿಪೇರಿಗೆ ಪಾಂಡವಪುರಕ್ಕೆ ಹೋಗತೊಡಗಿದೆ. ಮರುವರ್ಷ ಭಾಯ್ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೂ ಹೋಗಲಿಲ್ಲ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ರಬ್ಬರಿನ ವಾಸನೆ ಬಂದ ಆ ಭಾನುವಾರವೇ ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿ ಬಿಚ್ಚಿದೆ. ಅವರು ಬಂದು ಹೋದ ಮೇಲೆ ಅದನ್ನು ಬಿಚ್ಚುವ ಪ್ರಮೇಯವೇ ಬಂದಿರಲಿಲ್ಲ, ಅಷ್ಟು ಚೆನ್ನಾಗಿ ನಡೆದಿತ್ತು. ಚೀಟಿ ಹಾಗೇ ಇತ್ತು. ಮೇಲೆ ಮೊದಲಿನ ಸಾಲು: "2400. ಏರಿಸಬೇಡಿ." ಅದರ ಕೆಳಗೆ ಬೇರೆ ಇಂಕಿನಲ್ಲಿ, ಅದೇ ದುಂಡು ಅಕ್ಷರ:

"2933 ಮಾಡಿದ್ದರು. ಫೈಲ್ ಕೆಟ್ಟಿದ್ದು ಇದರಿಂದ. 2400ಕ್ಕೆ ಇಳಿಸಿದೀನಿ."

ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ನನ್ನ ಮನೆ ಟೀ ಕುಡಿದರು. ಆವತ್ತು ಎರಡು ಬಸ್ಸು ಬಿಟ್ಟು ಕೂತದ್ದು ನಾನು ಬಾಯಿ ಬಿಡಲಿ ಅಂತ.